ಎಳ್ಳುಬೆಲ್ಲ ನಿಷೇಧಿಸಿದ ಸುತ್ತೋಲೆ

ನಮ್ಮ ಮನೆಯ ಅಡುಗೆಮನೆ ಬಾಗಿಲ ಮೇಲೆ ಎರಡು ವರ್ಷ ಒಂದು ಸುತ್ತೋಲೆ ಅಂಟಿಕೊಂಡಿತ್ತು. ಕರಡು ನನ್ನದು, ಶುದ್ಧಪ್ರತಿ ನನ್ನದು, ಸಹಿಯೂ ನನ್ನದೇ. ತಾಲ್ಲೂಕು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತನಾದವನ ಕೈ ಸುಮ್ಮನಿರುವುದಿಲ್ಲ. ವಿಷಯ: ಚಿರಂಜೀವಿ ಭುವನಳ ಆಹಾರದಲ್ಲಿ ಉಷ್ಣ ಪದಾರ್ಥಗಳ ನಿಷೇಧದ ಬಗ್ಗೆ. ಉಲ್ಲೇಖ: ಹಿರಿಯರ ಮಾತು. ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಬೇರೆ ಹಾಕಿಸಿದ್ದೆ, ಒಗ್ಗರಣೆ ಸಿಡಿದು ಅಕ್ಷರ ಕೆಡಬಾರದೆಂದು. ಸಿಬ್ಬಂದಿಯಲ್ಲಿದ್ದವರು ಇಬ್ಬರು, ನನ್ನ ಹೆಂಡತಿ ಜಯಮ್ಮ ಮತ್ತು ಮಗಳು ಮಂಜುಳ. ಆಕ್ಷೇಪಣೆ ಸಲ್ಲಿಸಲು ಯಾರಿಗೂ ಕಾಲಾವಕಾಶ ಕೊಟ್ಟಿರಲಿಲ್ಲ.

ಆ ಕಾಗದ ನನ್ನ ಮೊಮ್ಮಗಳನ್ನು ಎಲ್ಲಿಗೆ ತಂದು ನಿಲ್ಲಿಸಿತು ಅನ್ನುವುದನ್ನು ಹೇಳಲು ಇದನ್ನು ಬರೆಯುತ್ತಿದ್ದೇನೆ. ಇಂಥ ಮಗುವಿರುವ ಮನೆಗಳು ನಮ್ಮ ಜಿಲ್ಲೆಯಲ್ಲೇ ಇನ್ನೂ ಇವೆ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಗೊತ್ತಾಯಿತು. ಅವರ ಮನೆಯ ಬಾಗಿಲಿಗೂ ಇಂಥದ್ದೇನಾದರೂ ಅಂಟಿದ್ದರೆ, ಓದಿ ಮುಗಿಸುವ ಮೊದಲೇ ಎದ್ದು ಹೋಗಿ ಕಿತ್ತುಹಾಕಲಿ.

ನಮ್ಮೂರು ಜಂಗಮಕೋಟೆಯ ಮಗ್ಗುಲಲ್ಲಿದೆ. ಮನೆಯಲ್ಲಿ ಐದು ಜನ, ಎರಡು ಸೀಮೆಹಸು, ಮತ್ತು ಬೆಳೆಗೊಮ್ಮೆ ಬಂದು ಹೋಗುವ ಅಸಂಖ್ಯಾತ ರೇಷ್ಮೆಹುಳುಗಳು. ಹುಳುಗಳ ಜವಾಬ್ದಾರಿ ಅಳಿಯ ಕೃಷ್ಣಪ್ಪನದು. ಅವನು ಜಯಮ್ಮನ ಸ್ವಂತ ತಮ್ಮ. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮ ಕಡೆ ವಿಶೇಷವೇನಲ್ಲ, ಕೊಡದಿದ್ದರೆ ವಿಶೇಷ. ಅಳಿಯನಾದ ಮೇಲೂ ಅವನು ನನ್ನನ್ನು ‘ಭಾವ’ ಎಂದೇ ಕರೆಯುವುದು.

ಭುವನಳಿಗೆ ನಾಲ್ಕು ವರ್ಷವಿದ್ದಾಗ ಕೊಟ್ಟಿಗೆಯ ಮೆಟ್ಟಿಲ ಮೇಲೆ ಬಿದ್ದು ತುಟಿ ಒಳಗಡೆ ಸೀಳಿಕೊಂಡಿತು. ಎರಡು ದಿನವಾದರೂ ರಕ್ತ ಜಿನುಗುವುದು ನಿಲ್ಲಲಿಲ್ಲ. ಶಿಡ್ಲಘಟ್ಟದ ಆಸ್ಪತ್ರೆಯವರು ಚಿಕ್ಕಬಳ್ಳಾಪುರಕ್ಕೆ ಬರೆದುಕೊಟ್ಟರು, ಚಿಕ್ಕಬಳ್ಳಾಪುರದವರು ಬೆಂಗಳೂರಿಗೆ ಬರೆದುಕೊಟ್ಟರು. ಕಡತ ಮೇಲಕ್ಕೆ ಹೋಗುವ ಕ್ರಮ ನನಗೆ ಹೊಸದಲ್ಲ. ಆದರೆ ಕಡತದ ಜೊತೆ ನಾವೂ ಹೋಗಬೇಕಾಗಿ ಬಂದದ್ದು ಹೊಸದು.

ಬೆಂಗಳೂರಿನ ಡಾಕ್ಟರು ಹೇಳಿದರು, “ನೋಡಿ ಯಜಮಾನರೇ, ರಕ್ತ ಹೆಪ್ಪುಗಟ್ಟಿಸೋ ಕಣಗಳ ಎಣಿಕೆ ಸರಿಯಾಗಿದೆ. ಆದರೆ ಅವು ಒಂದಕ್ಕೊಂದು ಅಂಟಿಕೊಂಡು ಗಾಯ ಮುಚ್ಚೋ ಕೆಲಸ ಮಾಡ್ತಾ ಇಲ್ಲ. ಹುಟ್ಟಿನಿಂದಲೇ ಹಾಗೆ.”

“ಅರ್ಥವಾಯ್ತು ಸಾರ್. ಹಾಜರಿ ಪುಸ್ತಕದಲ್ಲಿ ಎಲ್ಲರ ಸಹಿ ಇದೆ, ಕುರ್ಚಿಯಲ್ಲಿ ಯಾರೂ ಇಲ್ಲ. ನಮ್ಮ ಕಚೇರೀಲೂ ಹಿಂಗೇನೆ” ಅಂದೆ.

ಯಾರೂ ನಗಲಿಲ್ಲ. ಡಾಕ್ಟರು ಮಂಜುಳಳ ಕಡೆ ತಿರುಗಿ, “ಸಂಬಂಧದಲ್ಲೇ ಮದುವೇನಾಮ್ಮ?” ಎಂದು ಕೇಳಿದರು. ಅವಳು ನನ್ನ ಮುಖ ನೋಡಿದಳು. “ಸೋದರಮಾವ” ಎಂದು ನಾನೇ ಹೇಳಿದೆ. ಅವರು ಒಂದೇ ಒಂದು ಪದ ಬರೆದುಕೊಂಡು, “ಇದು ಯಾರ ತಪ್ಪೂ ಅಲ್ಲ, ಹಾಗಂದ್ಕೋಬೇಡಿ” ಅಂದರು. ಆ ಮದುವೆ ಮಾತು ಎತ್ತಿದವನು ನಾನು. ಆ ಕಡತ ನನ್ನೊಳಗೆ ಇಂದಿಗೂ ವಿಲೇವಾರಿಯಾಗಿಲ್ಲ.

ಸೊಂಟಕ್ಕೆ ಸೂಜಿ ಚುಚ್ಚಿಸಬೇಡಿ, ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಡಬೇಡಿ, ಚಕ್ಕುಲಿ ನಿಪ್ಪಟ್ಟಿನಂಥ ಗಟ್ಟಿ ತಿಂಡಿಯಿಂದ ವಸಡು ಕೊಯ್ಯದ ಹಾಗೆ ನೋಡಿಕೊಳ್ಳಿ ಎಂದರು. ರಕ್ತ ನಿಲ್ಲದಿದ್ದಾಗ ನುಂಗಿಸಲು ಒಂದು ಮಾತ್ರೆ ಬರೆದರು. ಸೋರಿಹೋಗುವ ರಕ್ತ ತುಂಬಿಕೊಳ್ಳಲು ಕಬ್ಬಿಣಾಂಶದ ಟಾನಿಕ್ ಒಂದನ್ನು ಬರೆದರು. ಉಷ್ಣದ ಮಾತು ಅವರು ಎತ್ತಲೇ ಇಲ್ಲ. ಪಾಪ, ಪಟ್ಟಣದವರು, ಮರೆತಿರಬೇಕು ಎಂದು ನಾನು ಒಳಗೊಳಗೇ ಕ್ಷಮಿಸಿದೆ.

ಅವಳಿಗೆ ಆರು ತುಂಬಿದ ವರ್ಷದ ಸಂಕ್ರಾಂತಿ. ಹೊಸ ಲಂಗ ಉಟ್ಟು, ತಟ್ಟೆ ಹಿಡಿದು ಎಳ್ಳು ಬೀರಲು ಹೋದಳು. ಬೀರಿದ್ದಕ್ಕಿಂತ ತಿಂದದ್ದೇ ಹೆಚ್ಚು. ಮರುದಿನ ಬೆಳಿಗ್ಗೆ ಮೂಗಿನಿಂದ ರಕ್ತ ಸುರಿಯಲು ಶುರುವಾಯಿತು. ತಲೆ ಹಿಂದಕ್ಕೆ ಬಗ್ಗಿಸಿ ನೆತ್ತಿಗೆ ತಣ್ಣೀರು ತಟ್ಟಿದೆವು, ಈರುಳ್ಳಿ ಜಜ್ಜಿ ಮೂಸಿಸಿದೆವು. ನಿಲ್ಲಲಿಲ್ಲ. ಬೆಂಗಳೂರಿನಲ್ಲಿ ನಾಲ್ಕು ದಿನ ಇದ್ದು ಬಂದೆವು.

ಮನೆಗೆ ಬಂದವಳೇ ಜಯಮ್ಮ, “ಎಳ್ಳು ಉಷ್ಣ, ಬೆಲ್ಲ ಉಷ್ಣ, ಕಡ್ಲೆಕಾಯಿ ಉಷ್ಣ. ಮೂರೂ ಸೇರಿಸಿ ಮುಕ್ಕಿದ್ರೆ ಮೂಗು ಒಡೀದೆ ಇನ್ನೇನಾಗ್ತದೆ?” ಅಂದಳು.

ಅವಳು ಮಾತಾಗಿ ಅಂದಳು. ನಾನು ಅದನ್ನು ಕಾನೂನು ಮಾಡಿದೆ.

ಎಳ್ಳು, ಬೆಲ್ಲ, ಕಡಲೆಕಾಯಿ, ಹುರುಳಿ, ನುಗ್ಗೆಸೊಪ್ಪು, ಮೆಂತ್ಯ, ಮೊಟ್ಟೆ, ಮಾಂಸ, ಪರಂಗಿಹಣ್ಣು: ನಿಷೇಧ. ಹಾಲು, ಮೊಸರು, ಬಿಳಿ ಅನ್ನ, ಸೌತೆಕಾಯಿ, ಬೂದುಗುಂಬಳ, ಸಬ್ಬಕ್ಕಿ ಗಂಜಿ: ಅನುಮತಿ. ಹಾಲಿಗೆ ಮಿತಿಯೇ ಇರಲಿಲ್ಲ. ಮನೆ ಹಸುವಿನ ಹಾಲು, ದಿನಕ್ಕೆ ನಾಲ್ಕು ಲೋಟ, ಹೊಟ್ಟೆ ತಂಪಾಗಿರಲಿ ಅಂತ. ಟಾನಿಕ್ ಕುಡಿದರೆ ಮಲ ಕಪ್ಪಾಗುತ್ತದೆ ಎಂದು ಮಂಜುಳ ಹೇಳಿದ್ದಳು. ಒಳಗೆ ಏನೋ ಸುಡುತ್ತಿದೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಟಾನಿಕ್ಕನ್ನು ಅಮಾನತಿನಲ್ಲಿಟ್ಟೆ.

“ಡಾಕ್ಟ್ರನ್ನ ಒಂದು ಮಾತು ಕೇಳಣ ಅಪ್ಪ” ಅಂದಳು ಮಂಜುಳ.

“ಅವ್ರು ರೋಗಕ್ಕೆ ಡಾಕ್ಟ್ರು. ಮನೆ ಊಟಕ್ಕೆ ನಾವೇ ಡಾಕ್ಟ್ರು” ಅಂದೆ. ವಾಕ್ಯ ಚೆನ್ನಾಗಿತ್ತು. ಚೆನ್ನಾಗಿರುವ ವಾಕ್ಯಗಳು ಮನುಷ್ಯನನ್ನು ಎಷ್ಟು ಹಾಳುಮಾಡುತ್ತವೆ ಎಂದು ನನಗೆ ಆಗ ತಿಳಿದಿರಲಿಲ್ಲ. ಆಮೇಲೆ ತಪಾಸಣೆಗೆ ಹೋಗುವುದನ್ನೂ ಮುಂದೂಡುತ್ತಾ ಬಂದೆ. ಹುಳು ಪೊರೆ ಬಿಡಲು ಜ್ವರಕ್ಕೆ ಕೂತಿವೆ, ಹಸು ಕರು ಹಾಕಿದೆ, ಹೇಗೂ ಮಗು ಚೆನ್ನಾಗಿದೆಯಲ್ಲ.

ಚೆನ್ನಾಗಿಯೇ ಕಾಣುತ್ತಿದ್ದಳು, ಅದೇ ತೊಂದರೆ. ಮೂಗು ಆ ಪ್ರಮಾಣದಲ್ಲಿ ಸುರಿಯಲಿಲ್ಲ. ಹಾಲುಹಲ್ಲು ಬಿದ್ದಾಗ, ಹಲ್ಲುಜ್ಜುವಾಗ ವಸಡಿನಿಂದ ಸ್ವಲ್ಪ ಸ್ವಲ್ಪ ಹೋಗುತ್ತಿದ್ದುದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ದಿನೇ ದಿನೇ ಬೆಳ್ಳಗಾಗುತ್ತಾ ಬಂದಳು. ಡೈರಿಗೆ ಹಾಲು ಹಾಕಲು ಬರುವ ಹೆಂಗಸರು, “ಎಷ್ಟು ಕೆಂಪಗೆ ಬಿಳುಪಾಗಿದಾಳಮ್ಮ ನಿಮ್ಮ ಮೊಮ್ಮಗಳು, ಏನು ತಿನ್ನಿಸ್ತೀರಾ?” ಎಂದು ಕೇಳುವರು. ಕೆಂಪು ಎಲ್ಲಿತ್ತೋ ಅವರಿಗೇ ಗೊತ್ತು. ಜಯಮ್ಮ ದೃಷ್ಟಿ ತೆಗೆಯುವಳು. ನಾನು ಸುತ್ತೋಲೆಯ ಕಡೆ ನೋಡಿ ಮೀಸೆ ತೀಡಿಕೊಳ್ಳುವೆ.

ಅದೇ ಕಾಲದಲ್ಲಿ ದೇವರಮನೆಯ ವಿಭೂತಿಗಟ್ಟಿ ಸವೆಯಲು ಶುರುವಾಯಿತು. ವರ್ಷಕ್ಕಾಗುವ ಗಟ್ಟಿ ಒಂದೂವರೆ ತಿಂಗಳಿಗೆ ಮುಗಿಯಿತು. ಇಲಿಗಳಿಗೆ ವೈರಾಗ್ಯ ಬಂದಿದೆ ಎಂದು ಹೇಳಿ, ಬೋನು ತಂದಿಟ್ಟೆ. ಇಲಿ ಬೀಳಲಿಲ್ಲ, ವಿಭೂತಿ ಉಳಿಯಲಿಲ್ಲ.

ಮೂರನೇ ತರಗತಿಯ ಮೇಡಂ ಒಂದು ದಿನ ಮಂಜುಳಳನ್ನು ಕರೆಸಿ, ಪ್ರಾರ್ಥನೆಗೆ ನಿಂತರೆ ಭುವನ ಕೂತುಬಿಡುತ್ತಾಳೆ, ಪಾಠದಲ್ಲಿ ನಿದ್ದೆ ಮಾಡುತ್ತಾಳೆ ಎಂದರಂತೆ. ಸೋಮಾರಿತನ, ಅವರಪ್ಪನ ಕಡೆಯದು ಎಂದೆ. ಜಯಮ್ಮ ನನ್ನನ್ನು ನೋಡಿದ ರೀತಿಯಿಂದ, ಅವರಪ್ಪನ ಕಡೆ ಅಂದರೆ ಯಾರ ತವರು ಎಂಬುದು ನೆನಪಾಯಿತು.

ಆಮೇಲೊಂದು ಮಧ್ಯಾಹ್ನ ಮತ್ತೆ ಮೂಗು ಸುರಿಯಿತು. ಹೆಚ್ಚೇನಲ್ಲ, ಒಂದು ಟವಲ್ ನೆನೆಯುವಷ್ಟು. ನಿಂತಿತು ಅಂದುಕೊಳ್ಳುವಷ್ಟರಲ್ಲಿ, ಹುಳುಮನೆಯ ಮೂರು ಮೆಟ್ಟಿಲು ಹತ್ತಿ ಅಪ್ಪನ ಹತ್ತಿರ ಹೋಗುತ್ತಿದ್ದವಳು ಎರಡನೆಯದರ ಮೇಲೆ ಕುಸಿದಳು. ಕೃಷ್ಣಪ್ಪ ಕೈಯಲ್ಲಿದ್ದ ಸೊಪ್ಪಿನ ಹೊರೆ ಬಿಸಾಡಿ ಎತ್ತಿಕೊಂಡ. ಅವಳ ತುಟಿ, ಉಗುರು, ಕಣ್ಣರೆಪ್ಪೆಯ ಒಳಬದಿ, ಎಲ್ಲವೂ ಅವನ ತಟ್ಟೆಯ ಹುಳುಗಳ ಬಣ್ಣದಲ್ಲಿದ್ದವು.

ಬೆಂಗಳೂರು. ಅದೇ ಕಾರಿಡಾರು, ಅದೇ ಬೆಂಚು. ಹಿಮೋಗ್ಲೋಬಿನ್ ಆರು ಚಿಲ್ಲರೆ ಎಂದರು. ಇನ್ನೊಂದು ಸಲ ಜೋರಾಗಿ ಸುರಿದಿದ್ದರೆ ದಾರಿಯಲ್ಲೇ ಕಷ್ಟವಿತ್ತು ಎಂದು ನರ್ಸಮ್ಮ ಮೆಲ್ಲಗೆ ಮಂಜುಳಳಿಗೆ ಹೇಳಿದ್ದು ನನಗೆ ಕೇಳಿಸಿತು. ಮುಪ್ಪಿನಲ್ಲಿ ಕಿವಿ ಮಂದವಾಗುತ್ತದೆ ಅನ್ನುತ್ತಾರೆ. ಬೇಕಾದಾಗ ಆಗುವುದಿಲ್ಲ.

ಒಳಗೆ ಮಗುವಿಗೆ ರಕ್ತ ಹಾಕುತ್ತಿದ್ದರು. ಹೊರಗೆ ನನ್ನ ಪಕ್ಕದಲ್ಲಿ ಚಿಂತಾಮಣಿ ಕಡೆಯ ಹೆಂಗಸೊಬ್ಬಳು ಕೂತಿದ್ದಳು. ಅವಳ ಮಗನಿಗೂ ರಕ್ತ ನಿಲ್ಲದ ಕಾಯಿಲೆಯೇ, ಬೇರೆ ಜಾತಿಯದು. ಮಂಡಿಯೊಳಗೆ ರಕ್ತ ಇಳಿದು ಊದಿಕೊಳ್ಳುತ್ತದಂತೆ.

“ನಾನೇನ್ ಕಮ್ಮಿ ತಪ್ಪು ಮಾಡಿದೀನಾ ಅಣ್ಣಾ?” ಅಂದಳು, ತೆಲುಗಿನ ಎಳೆತ ಸೇರಿದ ಕನ್ನಡದಲ್ಲಿ. “ಎಲ್ಲಿ ಬೀಳ್ತಾನೋ ಅಂತ ಕೂತಲ್ಲೇ ಕೂರ್ಸಿ, ತುಪ್ಪ, ಬಿಸ್ಕತ್ತು, ಕೇಳಿದ್ದೆಲ್ಲ ಕೊಟ್ಟೆ. ಗುಂಡುಕಲ್ಲಾದ. ಈಗ ಅವನ ಭಾರ ಅವನ ಮಂಡೀನೇ ತಡೀತಾ ಇಲ್ಲ. ಪ್ರೀತಿ ಜಾಸ್ತಿ ಆದ್ರೆ ಕಾಲು ಹೋಗ್ತದೆ ಅಂತ ಯಾರಿಗ್ ಗೊತ್ತು?” ಅನ್ನುತ್ತಲೇ ಫ್ಲಾಸ್ಕಿನಿಂದ ರಾಗಿ ಅಂಬಲಿಯನ್ನು ಮುಚ್ಚಳಕ್ಕೆ ಬಗ್ಗಿಸಿ ನನ್ನ ಕೈಗಿತ್ತಳು. ಬೆಳಗಿನಿಂದ ನಾನು ಏನೂ ತಿಂದಿಲ್ಲ ಎಂಬುದು ಅವಳಿಗೆ ಹೇಗೆ ತಿಳಿಯಿತೋ! ಕುಡಿದೆ. ಅವಳ ಹೆಸರನ್ನೂ ಕೇಳಲಿಲ್ಲ.

ಮಾರನೆಯ ದಿನ ಊಟದ ವಿಷಯ ವಿಚಾರಿಸಲು ಒಬ್ಬ ಮೇಡಂ ಬಂದರು. ಚಿಕ್ಕ ವಯಸ್ಸು, ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಅವರ ಊರು. “ಮನೇಲಿ ಏನೇನು ಕೊಡ್ತೀರಾ ಹೇಳಿ” ಎಂದರು. ನನಗೆ ಇದಕ್ಕಿಂತ ಬೇಕೇ? ಸುತ್ತೋಲೆಯ ನಕಲು ಪ್ರತಿ ಚೀಲದಲ್ಲೇ ಇತ್ತು. ಎರಡೂ ಕೈಯಲ್ಲಿ ಕೊಟ್ಟೆ.

ಅವರು ಮೇಲಿನಿಂದ ಕೆಳಗಿನವರೆಗೆ ಓದಿದರು. ಮತ್ತೊಮ್ಮೆ ಓದಿದರು.

“ಯಾರು ಬರೆದಿದ್ದು ಇದನ್ನ?”

“ನಾನೇ.”

“ಅಕ್ಷರ ಚೆನ್ನಾಗಿದೆ ತಾತ” ಅಂದು ಅದನ್ನು ಮಡಿಸಿ ಮಂಚದ ಮೇಲಿಟ್ಟರು. “ರಕ್ತ ತುಂಬಿಕೊಳ್ಳೋಕೆ ಏನೇನು ಬೇಕೋ ಅಷ್ಟನ್ನೂ ಹುಡುಕಿ ಹುಡುಕಿ ನಿಲ್ಲಿಸಿದೀರ. ಒಂದೂ ಬಿಟ್ಟಿಲ್ಲ. ನಾನು ಕೊಡಬೇಕಾಗಿದ್ದ ಪಟ್ಟಿ ಇದೇನೇ, ತಲೆಕೆಳಗಾಗಿದೆ ಅಷ್ಟೆ.”

ಆಮೇಲೆ ಕೇಳಿದರು, “ಮಣ್ಣು, ಬಳಪ, ಸುಣ್ಣ, ಇಂಥದ್ದೇನಾದ್ರೂ ತಿಂತಾಳಾ?”

“ಛೆ ಛೆ, ನಮ್ಮನೇಲಿ ಅದೆಲ್ಲ...” ಅಂದೆ.

“ವಿಭೂತಿ” ಅಂದಿತು ಮಂಚದ ಮೇಲಿಂದ ಸಣ್ಣ ಧ್ವನಿ. “ತಾತ ಬೈತಾರೆ ಅಂತ ಹೇಳಿರ್ಲಿಲ್ಲ.”

ರಕ್ತದಲ್ಲಿ ಕಬ್ಬಿಣ ಇಲ್ಲದ ಮಕ್ಕಳಿಗೆ ಇಂಥ ಚಪಲ ಬರುತ್ತದಂತೆ. ನಾನು ಇಲಿಗೆ ಬೋನು ಇಟ್ಟಿದ್ದೆ. ಹಸಿದಿದ್ದವಳು ನನ್ನ ಮೊಮ್ಮಗಳು. ದಿನಕ್ಕೆ ನಾಲ್ಕು ಲೋಟ ಹಾಲು ಕುಡಿದು ಹಸಿದಿದ್ದಳು.

“ಟಾನಿಕ್ ತಪ್ಪದೆ ಕೊಡ್ತಾ ಇದ್ದೀರಲ್ಲ?” ಎಂದು ಮೇಡಂ ಕೇಳಿದರು. ಮಂಜುಳ ಮಗುವಿನ ಹೊದಿಕೆ ಸರಿಮಾಡುತ್ತಾ, ತಲೆ ಎತ್ತದೆ, “ಅಪ್ಪ, ನೀನೇ ಹೇಳು” ಅಂದಳು.

ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ನಾನು ಒಂದೂ ತಪ್ಪು ಒಪ್ಪಿಕೊಂಡವನಲ್ಲ. ಮೇಲಿನವರದೋ ಕೆಳಗಿನವರದೋ ಅಂತ ಟಿಪ್ಪಣಿ ಬರೆದು ದಾಟಿಸಿದವನು. ಇಲ್ಲಿ ಮೇಲೆ ಫ್ಯಾನು, ಕೆಳಗೆ ನೆಲ.

“ಎರಡು ವರ್ಷದ ಹಿಂದೆ ನಿಲ್ಲಿಸಿಬಿಟ್ಟೆ. ಮಲ ಕಪ್ಪಗಾಗ್ತಾ ಇತ್ತು. ಉಷ್ಣ ಅಂತ ನಾನೇ ನಿಲ್ಲಿಸಿದೆ. ಇವ್ರು ಯಾರ ತಪ್ಪೂ ಇಲ್ಲ.”

ಮೇಡಂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕುರ್ಚಿ ಹತ್ತಿರ ಎಳೆದುಕೊಂಡು, “ನಮ್ಮಜ್ಜೀನೂ ಹಿಂಗೇ ತಾತ. ಆದ್ರೆ ಅವ್ರು ಬರೆದು ಅಂಟಿಸ್ತಿರ್ಲಿಲ್ಲ, ಅದಕ್ಕೆ ನಾವು ಬದುಕ್ಕೊಂಡ್ವಿ” ಅಂದರು. ಆ ಟಾನಿಕ್ಕಿಗೆ ಮಲ ಕಪ್ಪಾಗುವುದು ಸಹಜ. ಆದರೆ ಡಾಂಬರಿನ ಹಾಗೆ ಅಂಟಂಟಾಗಿ, ಜೊತೆಗೆ ಸುಸ್ತು, ತಲೆಸುತ್ತು ಇದ್ದರೆ ಮಾತ್ರ ಒಂದು ಕ್ಷಣ ತಡಮಾಡದೆ ಬನ್ನಿ ಎಂದು ಎರಡು ಸಲ ಹೇಳಿಸಿದರು, ನನ್ನ ಬಾಯಿಂದಲೇ.

ಊರಿಗೆ ಬಂದ ದಿನ ಕೃಷ್ಣಪ್ಪ ಮೊದಲ ಸಲ ಬಾಯಿಬಿಟ್ಟ. ಹುಳುಗಳಿಗೆ ಸೊಪ್ಪು ಹಾಕುತ್ತಾ, ನನ್ನನ್ನು ನೋಡದೆ ಹೇಳಿದ, “ಭಾವ, ಮರಿ ಹುಳಕ್ಕೆ ಎಳೆ ಸೊಪ್ಪು, ಬಲಿತ ಹುಳಕ್ಕೆ ಬಲಿತ ಸೊಪ್ಪು. ಬಲಿತಿದ್ದಕ್ಕೂ ಎಳೇದೇ ಹಾಕಿದ್ರೆ ಗೂಡು ಜೊಳ್ಳಾಗ್ತದೆ. ಇಷ್ಟು ನಂಗೂ ಗೊತ್ತು. ಏಳನೇ ಕ್ಲಾಸು ಫೇಲು ನಾನು. ನೀವು ಓದಿದೋರು ಅಂತ ಸುಮ್ಕಿದ್ದೆ.”

ನಾನು ಅಡುಗೆಮನೆಗೆ ಹೋಗಿ ಸುತ್ತೋಲೆ ಕಿತ್ತೆ. ಭದ್ರವಾಗಿ ಅಂಟಿಸಿದ್ದೆನಾದ್ದರಿಂದ ಬಾಗಿಲ ಬಣ್ಣವೂ ಕಿತ್ತುಬಂತು. ಆ ಚೌಕ ಈಗಲೂ ಹಾಗೇ ಇದೆ, ಬಣ್ಣ ಹೊಡೆಸಿಲ್ಲ.

ಬದಲಾಯಿಸುವುದು ಕಿತ್ತಷ್ಟು ಸುಲಭವಾಗಿರಲಿಲ್ಲ. ಎರಡು ವರ್ಷ ಹಾಲನ್ನ ತಿಂದ ನಾಲಿಗೆಗೆ ಬೆರಕೆ ಸೊಪ್ಪಿನ ಬಸ್ಸಾರು ಕಹಿ, ಮೊಳಕೆ ಹುರುಳಿ ವಾಸನೆ, ಮುದ್ದೆ ಗಂಟಲಿಗೆ ಭಾರ. ಮೊದಲ ವಾರ ತಟ್ಟೆ ತಳ್ಳಿ ಅತ್ತಳು. ಹಾಲು ಒಂದು ಲೋಟಕ್ಕಿಳಿಯಿತು, ಅದೂ ಊಟದ ಹೊತ್ತಿನಲ್ಲಲ್ಲ. ಊಟದ ಜೊತೆ ನಿಂಬೆಹಣ್ಣು ಹಿಂಡಬೇಕು ಅಥವಾ ಸೀಬೆಹಣ್ಣಿನ ಮೆತ್ತನೆ ತಿರುಳು ಕೊಡಬೇಕು, ಆಗ ಕಬ್ಬಿಣ ಮೈಗೆ ಹತ್ತುತ್ತದಂತೆ. ಊಟದ ಮೇಲೆ ಕಾಫಿ ಟೀ ಕೂಡದು. ಅವಳು ಕಾಫಿ ಕುಡಿಯುವವಳಲ್ಲ, ಆದರೂ ಜಯಮ್ಮ ನನ್ನ ಊಟದ ಮೇಲಿನ ಕಾಫಿ ನಿಲ್ಲಿಸಿದಳು. ಯಾವ ಸುತ್ತೋಲೆಯೂ ಇಲ್ಲದೆ, ಬರೀ ಲೋಟ ತೊಳೆದು ಬೋರಲು ಹಾಕಿದಳು. ಶಿಕ್ಷೆ ಸಮಂಜಸವಾಗಿತ್ತು.

ಟಾನಿಕ್ ಕುಡಿಸುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಹಲ್ಲಿಗೆ ಕಲೆಯಾಗದ ಹಾಗೆ ಕೊಳವೆಯಲ್ಲಿ ಕುಡಿಸಬೇಕು. “ತುಕ್ಕು ಹಿಡಿದ ಮೊಳೆ ನೆಕ್ಕಿದಂಗಿದೆ ತಾತ” ಎನ್ನುವಳು. ನಾನೂ ಒಂದು ಹನಿ ನೆಕ್ಕಿ ನೋಡಿದೆ. ಹೋಲಿಕೆ ನಿಖರವಾಗಿತ್ತು.

ರಕ್ತ ನಿಧಾನವಾಗಿ ಏರುತ್ತಿದೆ. ವಿಭೂತಿ ಉಳಿಯುತ್ತಿದೆ. ಆದರೆ ಕಾಯಿಲೆ ಎಲ್ಲೂ ಹೋಗಿಲ್ಲ, ಹೋಗುವುದೂ ಇಲ್ಲ. ಬಸ್ಸಾರು ರಕ್ತ ತುಂಬೀತೇ ಹೊರತು ನಿಲ್ಲಿಸಲಾರದು. ಇನ್ನು ಮೂರೋ ನಾಲ್ಕೋ ವರ್ಷಕ್ಕೆ ಅವಳು ದೊಡ್ಡವಳಾಗುತ್ತಾಳೆ. ಆಗ ತಿಂಗಳು ತಿಂಗಳೂ ಹೋಗುವ ರಕ್ತದ ಗತಿಯೇನು? ಮಂಜುಳ ಈ ಮಾತನ್ನು ಒಂದು ಸಲ ಆಡಿದಳು, ಮತ್ತೆ ಆಡಿಲ್ಲ. ಅದಕ್ಕೂ ಔಷಧಿ ಇದೆ, ಮೈಯಲ್ಲಿ ರಕ್ತ ಕೂಡಿರಬೇಕು, ಅಷ್ಟು ಮಾಡಿ ಎಂದಿದ್ದಾರೆ ಡಾಕ್ಟರು. ಆ ದಿನಕ್ಕಾಗಿಯೇ ನಾವು ಈಗ ಹುರುಳಿ ನೆನೆಹಾಕುತ್ತಿರುವುದು.

ಈ ವರ್ಷದ ಸಂಕ್ರಾಂತಿ ಬಂತು. ಸಕ್ಕರೆ ಅಚ್ಚು, ಗಟ್ಟಿ ಕೊಬ್ಬರಿ ಚೂರು ವಸಡಿಗೆ ಆಗುವುದಿಲ್ಲ. ಜಯಮ್ಮ ಎಳ್ಳನ್ನೂ ಬೆಲ್ಲವನ್ನೂ ಒರಳಿಗೆ ಹಾಕಿ ನುಣ್ಣಗೆ ಕುಟ್ಟಿ ಚಿಗಳಿ ಉಂಡೆ ಮಾಡಿದಳು. ಅದು ನಮ್ಮಲ್ಲಿ ಹುಡುಗಿ ದೊಡ್ಡವಳಾದಾಗ ಮಾಡುವ ಉಂಡೆ. ಕುಟ್ಟುತ್ತಾ ಅವಳ ಮುಖ ಹೇಗಿತ್ತೆಂದು ನಾನು ನೋಡಲು ಹೋಗಲಿಲ್ಲ. ಭುವನ ಬೆಳಿಗ್ಗೆ ಎಲ್ಲರೆದುರಿಗೂ ಎರಡು ಉಂಡೆ ತಿಂದು, ತಟ್ಟೆ ಹಿಡಿದು ಬೀದಿಗೆ ಹೋದಳು.

ದೀಪ ಹಚ್ಚುವ ಹೊತ್ತಿಗೆ ಮೂಗು ಸುರಿಯಿತು.

ಎಲ್ಲರೂ ನನ್ನನ್ನು ನೋಡಿದರು. “ನೋಡ್ರೀ, ನಾನಾವತ್ತೇ...” ಎಂದು ಶುರುಮಾಡಿದಳು ಜಯಮ್ಮ. ನನ್ನೊಳಗಿನ ಗುಮಾಸ್ತನೂ ಎದ್ದು ನಿಂತು ಕನ್ನಡಕ ಹುಡುಕುತ್ತಿದ್ದ, ಸುಳ್ಳು ಹೇಳುವುದಿಲ್ಲ. “ಟವಲ್ ತಾ” ಅಂದೆ. ಆಸ್ಪತ್ರೆಯಲ್ಲಿ ಕಲಿಸಿದ ಹಾಗೆ ಅವಳನ್ನು ಕೂರಿಸಿ, ತಲೆ ಮುಂದಕ್ಕೆ ಬಗ್ಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು ಗೋಡೆ ಗಡಿಯಾರ ನೋಡಿದೆ. ಹದಿನೈದು ನಿಮಿಷ. ನಿಲ್ಲಲಿಲ್ಲ. ಮಂಜುಳ ಮಾತ್ರೆ ನುಂಗಿಸಿದಳು. ಕೃಷ್ಣಪ್ಪ ಗಾಡಿ ತೆಗೆದು ಬಾಗಿಲಿಗೆ ನಿಲ್ಲಿಸಿದ. ಇನ್ನೊಂದು ಹದಿನೈದು. ನನ್ನ ಬೆರಳು ಮರಗಟ್ಟಿತು, ಬಿಡಲಿಲ್ಲ. ಎಳ್ಳು ತಿನ್ನದ ಎಷ್ಟೋ ದಿನಗಳಲ್ಲೂ ಈ ಮೂಗು ಸುರಿದಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಂಬಿದ್ದೆನೋ ಇಲ್ಲವೋ ತಿಳಿಯದು.

ನಿಂತಿತು. ಕಣ್ಣಿನ ರೆಪ್ಪೆ ಎಳೆದು ನೋಡಿದೆ. ಒಳಗೆ ಕೆಂಪಿತ್ತು.

“ತಾತ” ಅಂದಳು, ಕಟ್ಟಿದ ಮೂಗಿನ ಧ್ವನಿಯಲ್ಲಿ. “ಮತ್ತೆ ಬರೀತೀಯಾ?”

“ಏನನ್ನಮ್ಮ?”

ಅವಳು ಅಡುಗೆಮನೆ ಬಾಗಿಲಲ್ಲಿ ಬಣ್ಣ ಹೋದ ಚೌಕವನ್ನು ತೋರಿಸಿದಳು.

“ಇಲ್ಲಮ್ಮ.”

“ಹಂಗಾದ್ರೆ ನಾಳೆಗೆ ಒಂದು ಉಂಡೆ ತೆಗೆದಿಡು. ಅಜ್ಜಿ ಬಚ್ಚಿಡ್ತಾಳೆ.”

ಎದ್ದುಹೋಗಿ ಡಬ್ಬಿಯಿಂದ ಒಂದು ಉಂಡೆ ತೆಗೆದು ಪುಟ್ಟ ಬಟ್ಟಲಲ್ಲಿಟ್ಟೆ. ಎಲ್ಲರಿಗೂ ಕಾಣುವ ಹಾಗೆ, ದೇವರಮನೆಯಲ್ಲಿ, ವಿಭೂತಿಗಟ್ಟಿಯ ಪಕ್ಕದಲ್ಲಿ. ಬೆಳಿಗ್ಗೆ ಅದನ್ನು ನಾನೇ ಅವಳ ಕೈಗೆ ಕೊಟ್ಟೆ, ತಿಂದು ಮುಗಿಸುವವರೆಗೂ ಅವಳ ಮೂಗನ್ನೇ ನೋಡುತ್ತಾ ಕೂತೆ.